ಅತ್ತೆಯ ಟ್ಯೂಬು ಬೆಳಗಲಿಲ್ಲ

ಮೂರು ವರ್ಷ ನಾನು ಊರವರ ಎಂಜಲು ಕೂಡಿಹಾಕಿದವಳು. ಹೀಗೆ ಹೇಳಿದರೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಪಿಎಚ್‌ಡಿ ಮಾಡುತ್ತಿದ್ದೆ ಎಂದರೆ ಮಾತ್ರ ಅದೇ ಜನ ಮುಂದೆ ಬಂದು ಕೈ ಹಿಡಿಯುತ್ತಾರೆ. ಯಾವುದರ ಮೇಲೆ ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೂ ಆಗ ನನಗೆ ನೆಟ್ಟಗೆ ಹೇಳಲು ಬರುತ್ತಿರಲಿಲ್ಲ, ಏಕೆಂದರೆ ಆ ಮೂರು ವರ್ಷದಲ್ಲಿ ಹೆಚ್ಚಿನ ದಿನ ನನಗೇ ಏನು ನಡೆದಿದೆ ಎಂದು ತಿಳಿದಿರಲಿಲ್ಲ.

ಈಗ ಹೇಳಲು ಬರುತ್ತದೆ. ನಮ್ಮ ಬಾಯೊಳಗಿನ ಬ್ಯಾಕ್ಟೀರಿಯಾಗಳು ಸುಮ್ಮನೆ ಕೂತಿರುವುದಿಲ್ಲ. ಒಂದೊಂದೂ ಚೂರುಚೂರು ರಾಸಾಯನಿಕವನ್ನು ಹೊರಗೆ ಬಿಡುತ್ತಿರುತ್ತದೆ. ಸುತ್ತ ಅದು ಎಷ್ಟು ದಟ್ಟವಾಗಿದೆ ಎಂಬುದರ ಮೇಲೆ ತಮ್ಮವರು ಎಷ್ಟು ಜನ ಸೇರಿದ್ದಾರೆ ಎಂದು ಅವಕ್ಕೆ ಗೊತ್ತಾಗುತ್ತದೆ. ಧಾರವಾಡದ ನಮ್ಮ ಕೆಲಗೇರಿಯ ಭಜನಾ ಮಂಡಳಿಯಲ್ಲಿ ಏಳೆಂಟು ಹೆಂಗಸರು ಬಂದು ಕೂರುವವರೆಗೆ ಯಾರೂ ತಾಳ ಎತ್ತುವುದಿಲ್ಲವಲ್ಲ, ಹಾಗೆಯೇ ಇವೂ ಸಾಕಷ್ಟು ಮಂದಿ ಸೇರಿದ ಮೇಲೆಯೇ ಕೆಲಸಕ್ಕೆ ಕೈ ಹಾಕುವುದು. ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ನೆಲೆಯೂರುತ್ತವೆ, ಒಸಡು ಕೆಡಿಸುತ್ತವೆ. ಆ ರಾಸಾಯನಿಕವನ್ನು ಎಂಜಲಿನಲ್ಲಿ ಪತ್ತೆ ಹಚ್ಚುವುದು ನನ್ನ ಕೆಲಸವಾಗಿತ್ತು.

ಅದು ಕಣ್ಣಿಗೆ ಕಾಣುವಂಥದ್ದಲ್ಲ. ಆದ್ದರಿಂದ ಇನ್ನೊಂದು ಬ್ಯಾಕ್ಟೀರಿಯಾದ ಸಹಾಯ ಬೇಕು. ಸಮುದ್ರದ್ದು. ಬಾಯಿಯ ಬ್ಯಾಕ್ಟೀರಿಯಾ ಬಿಡುವ ಆ ಸಂಕೇತ ಇದಕ್ಕೂ ಅರ್ಥವಾಗುತ್ತದೆ; ಅರ್ಥವಾದಾಗ ಅದು ಬೆಳಗುತ್ತದೆ, ತಿಳಿನೀಲಿ ಬೆಳಕು. ಎಂಜಲನ್ನು ಸೋಸಿ, ಅದರಲ್ಲಿನ ಬ್ಯಾಕ್ಟೀರಿಯಾ ತೆಗೆದು, ಉಳಿದ ತಿಳಿಯನ್ನು ಸಮುದ್ರದ ಬ್ಯಾಕ್ಟೀರಿಯಾ ಇರುವ ಟ್ಯೂಬಿಗೆ ಹಾಕಬೇಕು. ಕೆಲವು ತಾಸು ಬಿಟ್ಟು ನೋಡಬೇಕು. ಬೆಳಗಿದರೆ ಸಂಕೇತ ಇದೆ, ಬೆಳಗದಿದ್ದರೆ ಇಲ್ಲ. ಬೆಳಕು ಅಳೆಯಲು ಯಂತ್ರವಿತ್ತು. ಆದರೂ ನನಗೆ ಕಣ್ಣಾರೆ ನೋಡದಿದ್ದರೆ ಸಮಾಧಾನವಿಲ್ಲ. ಲ್ಯಾಬಿನ ಸಾಮಾನು ಕೋಣೆಯ ಕಿಟಕಿಗೆ ಕರಿ ಬಟ್ಟೆ ಹೊಡೆದು ಮಟಮಟ ಮಧ್ಯಾಹ್ನ ಕತ್ತಲು ಮಾಡಿಕೊಂಡು ಕೂರುತ್ತಿದ್ದೆ. ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷವೂ ನನ್ನಂಥ ಸಿಡುಕಿಗೆ ಹೆಚ್ಚೇ.

ಮದುವೆಯಾಗಿ ಹನ್ನೊಂದು ವರ್ಷದ ಮೇಲೆ, ಕೂದಲು ನೆರೆಯಲು ಶುರುವಾದ ಮೇಲೆ ಓದಲು ಹೊರಟವಳು ನಾನು. ಪ್ರಗತಿ ತೋರಿಸಲು ಆಗಲೇ ಒಂದು ಸಲ ಅವಧಿ ಹೆಚ್ಚಿಸಿ ಕೊಟ್ಟಿದ್ದರು. ಬೇಸಿಗೆಯೊಳಗೆ ಸಮಿತಿಯ ಮುಂದೆ ಸರಿಯಾದ ಫಲಿತಾಂಶ ಇಡದಿದ್ದರೆ ನನ್ನ ನೋಂದಣಿ ರದ್ದಾಗುತ್ತಿತ್ತು. ಅಲ್ಲಿಗೆ ಎಲ್ಲಾ ಮುಗಿದಂತೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗಿಂತ ಹೆಚ್ಚಾಗಿ ಅತ್ತೆಗೆ.

ನನಗೆ ಎರಡು ಗುಂಪಿನ ಎಂಜಲು ಬೇಕಿತ್ತು. ಒಂದು, ಹುಬ್ಬಳ್ಳಿಯ ಹಲ್ಲಿನ ಆಸ್ಪತ್ರೆಯೊಂದಕ್ಕೆ ಬರುವ ರೋಗಿಗಳದ್ದು. ಅದಕ್ಕೆ ಅಲ್ಲಿನ ಒಬ್ಬ ಡಾಕ್ಟರಮ್ಮ ನೆರವಾಗುತ್ತಿದ್ದರು. ಇನ್ನೊಂದು, ಆಸ್ಪತ್ರೆಯ ಮುಖವನ್ನೇ ನೋಡದ, ಐವತ್ತು ದಾಟಿದ ಹೆಂಗಸರದ್ದು. ಇಂಥವರನ್ನು ಎಲ್ಲಿ ಹುಡುಕಲಿ ಎಂದು ಊಟದ ಹೊತ್ತಿಗೆ ಗೊಣಗುತ್ತಿದ್ದಾಗ ಅತ್ತೆ ಸಾರು ಬಡಿಸುತ್ತ ಅಂದರು: "ನಮ್ಮ ಭಜನಿ ಮಂದಿ ಇಲ್ಲೇನು? ನಾ ಹೇಳಿದ್ರ ಕೊಡ್ತಾರ ತೊಗೋ."

ಅತ್ತೆ ಮಂಡಳಿಯ ಮುಖ್ಯಸ್ಥೆ. ಅವರು ಹೇಳಿದರೆ ಆ ಹೆಂಗಸರು ಕೆಲಗೇರಿ ಕೆರೆಯನ್ನೇ ಒಂದು ಸುತ್ತು ಬಂದು ಬಿಡುವರು. ಅತ್ತೆಯೂ ಸೇರಿ ಹನ್ನೆರಡು ಜನ ಒಪ್ಪಿದರು. ಒಂದು ಭಾನುವಾರ ಡಾಕ್ಟರಮ್ಮ ನಮ್ಮ ಮನೆಗೇ ಬಂದು ಎಲ್ಲರ ಒಸಡು ಪರೀಕ್ಷೆ ಮಾಡಿದರು. ಅತ್ತೆ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ. ಉಪ್ಪಿಟ್ಟು, ಚಹಾ, ಮತ್ತೆ ಚಹಾ. ನನ್ನದೇನು ನೋಡುವುದಿದೆ, ಬಂದವರನ್ನು ನೋಡಲಿ ಎಂದರು. ಹನ್ನೊಂದು ಜನರಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರ ಒಸಡೂ ಬಾತುಕೊಂಡಿತ್ತು, ಮುಟ್ಟಿದರೆ ರಕ್ತ. ಡಾಕ್ಟರಮ್ಮ ಮುಖ ಸಣ್ಣದು ಮಾಡಿಕೊಂಡರು, ನಾನು ಒಳಗೊಳಗೇ ಖುಷಿಪಟ್ಟೆ. ಇಂಥ ಬಾಯಿಗಳ ಟ್ಯೂಬು ಜಗ್ಗನೆ ಬೆಳಗಬೇಕು. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಖುಷಿಪಟ್ಟದ್ದು ಖರೆ.

ನಾನೇ ಕನ್ನಡದಲ್ಲಿ ಒಂದು ಸೂಚನಾ ಪತ್ರ ಬರೆದು ಕೊಟ್ಟೆ. ಬೆಳಿಗ್ಗೆ ಏನೂ ತಿನ್ನಬಾರದು, ಏನೂ ಕುಡಿಯಬಾರದು, ಹಲ್ಲು ಉಜ್ಜಬಾರದು, ಎಲೆ ಅಡಿಕೆ ಹಾಕಬಾರದು. ಬೆಳಿಗ್ಗೆ ಎಲ್ಲರೂ ನಮ್ಮ ಮನೆಗೆ ಬರುವುದು, ಟ್ಯೂಬಿಗೆ ಉಗುಳುವುದು, ಅತ್ತೆ ಅದನ್ನು ಐಸ್ ಡಬ್ಬಿಯಲ್ಲಿ ಇಡುವುದು, ನನ್ನ ಯಜಮಾನರು ಆಫೀಸಿಗೆ ಹೋಗುವಾಗ ಲ್ಯಾಬಿಗೆ ತಲುಪಿಸುವುದು. ನಾನು ಅಷ್ಟು ಹೊತ್ತಿಗೆ ಲ್ಯಾಬಿನಲ್ಲಿ ಸಮುದ್ರದ ಬ್ಯಾಕ್ಟೀರಿಯಾಗಳ ಸೇವೆಯಲ್ಲಿ ಇರುತ್ತಿದ್ದೆ.

ಹುಬ್ಬಳ್ಳಿಯ ಟ್ಯೂಬುಗಳು ಬೆಳಗಿದವು. ಕೆಲಗೇರಿಯ ಹನ್ನೆರಡೂ ಬೆಳಗಲಿಲ್ಲ.

ಕತ್ತಲೆ ಕೋಣೆಯಲ್ಲಿ ಹತ್ತು ನಿಮಿಷವಲ್ಲ, ಅರ್ಧ ತಾಸು ಕೂತೆ. ಏನೂ ಇಲ್ಲ. ಯಂತ್ರವೂ ಅದನ್ನೇ ಹೇಳಿತು. ಕರೆಂಟು ಹೋಗಿ ಫ್ರಿಜ್ಜು ಕೆಟ್ಟಿತ್ತೇ ಎಂದು ನೋಡಿದೆ, ಇಲ್ಲ. ಸಕ್ಕರೆ ಅಂಶ ಇದ್ದರೆ ಈ ಪರೀಕ್ಷೆ ದಾರಿ ತಪ್ಪುತ್ತದೆ. ಕದ್ದು ಚಹಾ ಕುಡಿದು ಬಂದರೇ ಎಂದು ಅದನ್ನೂ ನೋಡಿದೆ. ಇಲ್ಲ. ಎರಡನೆಯ ಸಲ ತರಿಸಿದೆ, ಮೂರನೆಯ ಸಲ ತರಿಸಿದೆ. ರಕ್ತ ಸೋರುವ ಒಸಡು, ಸದ್ದಿಲ್ಲದ ಬ್ಯಾಕ್ಟೀರಿಯಾ. ಇದು ಹೇಗೆ ಸಾಧ್ಯ? ನನ್ನ ತಲೆ ಮೊಸರುಗಡಿಗೆಯಾಯಿತು. ಮನೆಯಲ್ಲಿ ಎಲ್ಲರ ಮೇಲೆ ಹರಿಹಾಯ್ದೆ. ಯಜಮಾನರು ಬೈಕಿನ ಮೇಲೆ ಡಬ್ಬಿ ಕುಲುಕಿದ್ದೇ ಕಾರಣ ಎಂದು ಒಂದು ವಾರ ಅವರನ್ನು ಬೈದೆ. ಅವರು ಪಾಪ, ಮುಂದಿನ ವಾರ ಧಾರವಾಡದ ರಸ್ತೆಯಲ್ಲಿ ಎತ್ತಿನ ಗಾಡಿಯ ವೇಗದಲ್ಲಿ ಬಂದರು. ಆಗಲೂ ಬೆಳಗಲಿಲ್ಲ.

ನಮ್ಮ ಗೈಡಿಗೆ ಮಾತ್ರ ಗೊಂದಲವಾಗಲಿಲ್ಲ, ಆನಂದವಾಯಿತು. ಅವರು ಒಳ್ಳೆಯ ಮನುಷ್ಯ, ಆದರೆ ಆನಂದಕ್ಕೆ ಬೇಗ ಬೀಳುವವರು.

"ಏನ್ರಿ ಇದು, ಇದ ಹೊಸಾ ಸಂಗತಿ ಅದ ನೋಡ್ರಿ," ಎಂದು ಕನ್ನಡಕ ತೆಗೆದರು. "ಅವರ ಊಟದಾಗ ಏನೋ ಅದ. ಸಂಕೇತಾನ ತಡಿಯೂವಂಥಾದ್ದು. ಜ್ವಾಳಾ ಇರಬಹುದು, ಅಗಸಿ ಚಟ್ನಿ ಇರಬಹುದು. ಸಮ್ಮೇಳನಕ್ಕ ಸಾರಾಂಶ ಕಳಸೂಣು."

"ಸರ್, ಹುಬ್ಬಳ್ಳ್ಯಾಗಿನ ಮಂದೀನೂ ಜ್ವಾಳದ ರೊಟ್ಟೀನ ತಿಂತಾರ್ರಿ," ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಸಾರಾಂಶ ಹೋಯಿತು. ನನ್ನ ಹೆಸರು ಮೊದಲು. ನಂಬದ ಮಾತಿನ ಕೆಳಗೆ ಸಹಿ ಮಾಡಿದ್ದೆ. ನಾಳೆ ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ತಿಳಿಯದೆ, ಒಂದು ವಾರ ಬಸ್ಸಿನಲ್ಲಿ ಕೂತಾಗಲೂ ಬಾಯೊಳಗೇ ಉತ್ತರ ಅಭ್ಯಾಸ ಮಾಡುತ್ತಿದ್ದೆ.

ನಾಲ್ಕನೆಯ ಸಲ ಎಂಜಲು ಕೂಡಿಸುವ ದಿನ ಬಂದ್ ಕರೆ ಇತ್ತು. ಬಸ್ಸಿಲ್ಲ, ಆಟೋ ಇಲ್ಲ. ನಾನು ಮನೆಯಲ್ಲೇ ಉಳಿದೆ. ನೆರೆಹೊರೆಯ ಹೆಂಗಸರಿಗೆ ಬಂದ್ ಏನು ಲೆಕ್ಕ, ಏಳು ಗಂಟೆಗೆ ನಡೆದುಕೊಂಡು ಬಂದರು. ನಾನು ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದಿದ್ದೆ. ಹಿತ್ತಲಿನಿಂದ ಗಳಗಳ ಸದ್ದು ಬರತೊಡಗಿತು, ಒಂದೇ ಸಮನೆ. ಹೋಗಿ ನೋಡಿದೆ. ಬಚ್ಚಲ ಕಟ್ಟೆಯ ಮೇಲೆ ಒಂದು ದೊಡ್ಡ ಪಾತ್ರೆ ಬಿಸಿನೀರು, ಪಕ್ಕದಲ್ಲಿ ಉಪ್ಪಿನ ಡಬ್ಬಿ. ಹನ್ನೊಂದು ಹೆಂಗಸರು ಸಾಲಾಗಿ ನಿಂತು, ಸೆರಗು ಬಿಗಿದುಕೊಂಡು, ತಲೆ ಎತ್ತಿ ಬಾಯಿ ಮುಕ್ಕಳಿಸುತ್ತಿದ್ದರು. ಅತ್ತೆ ಪ್ರತಿಯೊಬ್ಬರಿಗೂ ತಂಬಿಗೆಯಲ್ಲಿ ನೀರು ಹಾಕುತ್ತ, "ಇನ್ನೊಮ್ಮೆ, ಇನ್ನೊಮ್ಮೆ, ಸ್ವಚ್ಛ ಆಗ್ಲಿ," ಎನ್ನುತ್ತಿದ್ದರು.

ನಾನು ಅಲ್ಲೇ ಬಾಗಿಲಲ್ಲಿ ನಿಂತುಬಿಟ್ಟೆ. ಮೊದಲು ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ಬಾಯಿಗೆ ಬಂದದ್ದನ್ನೆಲ್ಲ ಆಡಿದೆ.

"ಅತ್ತೀ, ಏನ ಮಾಡಾಕತ್ತೀರಿ ಇದು? ಎಲ್ಲಾ ತೊಳದು ಚೆಲ್ಲಿ ಬರೇ ನೀರ ಕೊಡಾಕತ್ತೀರೇನು ನನಗ? ನಾಕು ತಿಂಗಳಾತು ನನಗ ಹುಚ್ಚ ಹಿಡದಂಗ ಆಗೇದ. ಹಾಳ್ಯಾಗ ಬರದ ಕೊಟ್ಟಿಲ್ಲೇನು ನಾ?"

"ಬರದಿ. ಕುಡೀಬ್ಯಾಡ್ರಿ ಅಂತ ಬರದಿ," ಎಂದರು ಅತ್ತೆ, ತಂಬಿಗೆ ಹಿಡಿದೇ. "ಯಾರೂ ಕುಡದಿಲ್ಲ. ಹಂಗಂತ ಸೊಸಿ ಕೈಯಾಗ ಎಂಜಲಾ ಇಡಾಕ ಬರ್ತದೇನು? ನೀ ಅದನ್ನ ಕೈಲೆ ಹಿಡೀತಿ, ಮೂಗಿನ ಮುಂದ ತರ್ತಿ. ಇಷ್ಟ ಮಂದೀದು. ಸ್ವಚ್ಛ ಮಾಡಿ ಕೊಟ್ರ ತಪ್ಪೇನು?"

ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ಒಬ್ಬರು ಬಾಯಲ್ಲಿ ನೀರು ತುಂಬಿಕೊಂಡೇ ತಲೆಯಾಡಿಸಿದರು. ನಾನು ಸಿಟ್ಟಿನಿಂದ ಒಳಗೆ ಬಂದು ಕೂತೆ. ನಾಲ್ಕು ತಿಂಗಳು ನಾನು ಪರೀಕ್ಷೆ ಮಾಡಿದ್ದು ಅತ್ತೆಯ ಮರ್ಯಾದೆಯನ್ನು. ಅದು ಬೆಳಗುವುದಿಲ್ಲ ಎಂಬುದು ಸಾಬೀತಾಗಿತ್ತು.

ಮರುದಿನ ಗೈಡಿಗೆ ಹೇಳಿದೆ. ಹೇಳದೇ ಇದ್ದುಬಿಡುವ ಆಸೆ ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರು ಕನ್ನಡಕ ಹಾಕಿಕೊಂಡು ಕಳಿಸಿದ ಸಾರಾಂಶವನ್ನು ಇನ್ನೊಮ್ಮೆ ಓದಿದರು. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. "ಸಮಿತಿ ಸಭಾಕ್ಕ ಇನ್ನ ಐದ ವಾರ ಅದ," ಎಂದರು. "ಹೊಸಾ ಸ್ಯಾಂಪಲ್ ತರ್ರಿ. ಇಲ್ಲಂದ್ರ ನನ್ನ ಕಡೆ ಹೇಳಾಕ ಏನೂ ಇಲ್ರಿ."

ಹನ್ನೊಂದು ಹೆಂಗಸರನ್ನು ಕೂರಿಸಿ ತಿಳಿಹೇಳುವುದು ಪರೀಕ್ಷೆಗಿಂತ ಕಷ್ಟವಾಯಿತು. ಸೌಮ್ಯವಾಗಿ ಹೇಳಲು ನನಗೆ ಬರುವುದಿಲ್ಲ; ಅಂದು ಪ್ರಯತ್ನಪಟ್ಟೆ. ಒಬ್ಬ ಅಜ್ಜಿ ಎಲ್ಲ ಕೇಳಿ, "ಅಂದ್ರ ನಿನ್ನ ಮಷಿನ್‌ಗೆ ಖರೇ ಖರೇ ಎಂಜಲಾನ ಬೇಕಂತೇನ ತಂಗೀ?" ಎಂದು ಕನಿಕರದಿಂದ ಕೇಳಿದರು. ಹೌದೆಂದೆ. ಅಜ್ಜಿ ನಿಟ್ಟುಸಿರು ಬಿಟ್ಟು ಒಪ್ಪಿದರು. ಅವರು ಒಪ್ಪಿದ ಮೇಲೆ ಉಳಿದವರೂ ಒಪ್ಪಿದರು. ಆದರೆ ನನ್ನ ಮುಂದೆ ಯಾರೂ ಉಗುಳಲೊಲ್ಲರು. ಕಣ್ಣೆದುರು ನಿಂತರೆ ಬಾಯಿ ಒಣಗುತ್ತದೆಯಂತೆ. ಹಾಗಾಗಿ ಈ ಸಲವೂ ಕೂಡಿಸಿದ್ದು ಅತ್ತೆಯೇ, ಯಾರ ಬಾಯಿಗೂ ನೀರು ಮುಟ್ಟಿಸುವುದಿಲ್ಲ ಎಂದು ಮಾತು ಕೊಟ್ಟು. ನಾನು ಬಿಸಿನೀರಿನ ಪಾತ್ರೆಯನ್ನು ಅಟ್ಟಕ್ಕೆ ಏರಿಸಿ ಲ್ಯಾಬಿಗೆ ಹೋದೆ.

ಆ ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಮೊದಲು ಒಂದು ಟ್ಯೂಬು ಕಂಡಿತು, ಆಮೇಲೆ ನಾಲ್ಕು, ಆಮೇಲೆ ಸಾಲಿಗೆ ಸಾಲು. ತಿಳಿನೀಲಿ, ಸಣ್ಣಗೆ. ಅಜ್ಜಿಯದು ಎಲ್ಲಕ್ಕಿಂತ ಜೋರು. ನಾನು ಒಬ್ಬಳೇ ನಕ್ಕೆ. ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೆರಡನೆಯದು ಬೆಳಗಿರಲಿಲ್ಲ. ಹನ್ನೆರಡನೆಯದು ಅತ್ತೆಯದು.

ಕೈ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಮರುವಾರ ಹೊಸದು ತರಿಸಿ ಮಾಡಿದೆ. ಹನ್ನೊಂದು ಬೆಳಕು, ಒಂದು ಕತ್ತಲೆ. ಅತ್ತೆಯ ಎಂಜಲಿನಲ್ಲಿ ಬೆಳಕನ್ನೇ ಕೊಲ್ಲುವಂಥದ್ದು ಏನಾದರೂ ಇದೆಯೇ ಎಂದು, ಶುದ್ಧ ಸಂಕೇತ ರಾಸಾಯನಿಕವನ್ನು ಅದಕ್ಕೆ ಬೆರೆಸಿ ನೋಡಿದೆ. ಆಗ ಬೆಳಗಿತು. ಅಂದರೆ ತಡೆಯುವುದು ಏನೂ ಇಲ್ಲ, ಸಂಕೇತವೇ ಅದರಲ್ಲಿ ಇಲ್ಲವೆನ್ನಿಸುವಷ್ಟು ಕಡಿಮೆ. ನಮ್ಮ ಮನೆಯದೇ ನೀರು, ನಮ್ಮ ಮನೆಯದೇ ಊಟ. ನನ್ನ ಟ್ಯೂಬೂ ಸಣ್ಣಗೆ ಬೆಳಗುತ್ತದೆ, ನನ್ನ ಯಜಮಾನರದೂ ಬೆಳಗುತ್ತದೆ. ಅರವತ್ತೆಂಟರ ಈ ಬಾಯಿಗೆ ಏನಾಗಿದೆ?

"ಒಂದ ಬಿಟ್ಟಬಿಡ್ರಿ," ಎಂದರು ಗೈಡ್. "ಅವರ ಒಸಡಿನ ಪರೀಕ್ಷಾನೂ ಆಗಿಲ್ಲ. ಹನ್ನೊಂದು ಸಾಕು."

ಸಾಕಾಗುತ್ತಿರಲಿಲ್ಲ, ಮತ್ತು ಅದು ಅವರಿಗೆ ಹೊಳೆದಿರಲಿಲ್ಲ. ಹನ್ನೆರಡು ಟ್ಯೂಬೂ ಅತ್ತೆಯ ಕೈಯಿಂದ ಬಂದವು. ಅತ್ತೆ ನನಗೆ ಮಾತು ಕೊಟ್ಟು ತಾವು ಮಾತ್ರ ಗುಟ್ಟಾಗಿ ಬಾಯಿ ತೊಳೆದಿದ್ದರೆ, ಬೇರೆ ಯಾರಿಗೆ ಒಂದು ಗುಟುಕು ನೀರು ಕೊಟ್ಟಿದ್ದರೋ ಯಾರಿಗೆ ಕೊಟ್ಟಿಲ್ಲವೋ ನಾನು ಹೇಗೆ ಹೇಳಲಿ? ಒಂದು ಬೆಳಕು ಹೆಚ್ಚು, ಒಂದು ಕಡಿಮೆ. ಅದು ಒಸಡಿನಿಂದಲೋ ನೀರಿನಿಂದಲೋ? ಸಮಿತಿಯಲ್ಲಿ ಯಾರಾದರೂ ಕೇಳಿದರೆ ನನ್ನ ಬಳಿ ಇರುವುದು ಅತ್ತೆಯ ಮಾತೊಂದೇ. ನನ್ನ ಇಡೀ ಪ್ರಬಂಧ ಆ ಒಂದು ಮಾತಿನ ಮೇಲೆ ನಿಂತಿತ್ತು. ಸಭೆಗೆ ಆರು ದಿನ ಉಳಿದಿತ್ತು.

ಅವತ್ತು ಮಧ್ಯಾಹ್ನವೇ ಮನೆಗೆ ಬಂದೆ. ಯಾರೂ ಇರಲಿಲ್ಲ. ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತು ಬಿಸಿಲಿಗೆ ಹಾಕಿದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಚಪ್ಪಲಿ ಬಿಡದೇ ಕೇಳಿದೆ.

"ಅತ್ತೀ, ಖರೇ ಹೇಳ್ರಿ. ನೀವು ಬಾಯಿ ತೊಳಕೊಂಡ ಕೊಟ್ರಿ, ಹೌದಲ್ರೀ?"

"ಇಲ್ಲ."

"ನಿಮ್ಮದ ಒಂದ ಬೆಳಗವಲ್ದು. ಮೂರ ಸಲಾ ಮಾಡೇನಿ."

"ಅದಕ್ಕ ನಾ ಏನ ಮಾಡ್ಲಿ? ತೊಳೀಬ್ಯಾಡ ಅಂದಿ, ತೊಳೀಲಿಲ್ಲ."

"ಹಂಗಾದ್ರ ಮಷಿನ್ ಸುಳ್ಳ ಹೇಳತದೇನ್ರಿ?"

ಅತ್ತೆ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟರು. ಅವರ ಮುಖ ಕಪ್ಪಿಟ್ಟಿತು. ಹದಿನಾಲ್ಕು ವರ್ಷದಲ್ಲಿ ನಾನು ಅವರನ್ನು ಬೇಕಾದಷ್ಟು ಸಲ ಎದುರಿಸಿದ್ದೇನೆ, ಆದರೆ ಸುಳ್ಳುಗಾತಿ ಎಂದದ್ದು ಅದೇ ಮೊದಲು. ಹಿಂದಕ್ಕೆ ತೆಗೆದುಕೊಳ್ಳಬೇಕು ಎನ್ನಿಸಿತು. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು ನನಗೆ. ಹೆದರಿಕೆ ಸುಮ್ಮನಿರಲು ಬಿಡಲಿಲ್ಲ.

"ನನ್ನ ಮುಂದ ಬಾಯಿ ತಗೀರಿ," ಎಂದೆ. "ಡಾಕ್ಟರ್ ಮುಂದ ತಗೀಲಿಲ್ಲ. ನನ್ನ ಮುಂದರೆ ತಗೀರಿ. ಒಂದ ಸಲ ನೋಡಿಬಿಡ್ತೇನಿ."

"ಬ್ಯಾಡ."

"ತಗೀರಿ ಅತ್ತೀ."

ಅವರು ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಬಾಯಿ ತೆಗೆದರು. ನಾನು ಗಲ್ಲ ಹಿಡಿದು ಬಿಸಿಲಿನ ಕಡೆ ತಿರುಗಿಸಿದೆ.

ಮುಂದೆ ಕೆಲವು ಹಲ್ಲುಗಳು, ದಿನಾ ನಕ್ಕಾಗ ಕಾಣುವವು. ಅವುಗಳ ಹಿಂದೆ ಏನೂ ಇರಲಿಲ್ಲ. ಬರೀ ಒಸಡು, ನುಣ್ಣಗೆ, ತಿಳಿಗೆಂಪಾಗಿ, ಎಂದೋ ಮಾಯ್ದು ಗಟ್ಟಿಯಾದದ್ದು. ಟ್ಯೂಬು ಬೆಳಗುವಷ್ಟು ಬ್ಯಾಕ್ಟೀರಿಯಾ ಗುಂಪುಕಟ್ಟಿ ಕೂರಲು ಜಾಗವೇ ಇರಲಿಲ್ಲ.

ಟ್ಯೂಬು ಖರೆ ಹೇಳಿತ್ತು. ಅತ್ತೆಯೂ ಖರೆ ಹೇಳಿದ್ದರು. ಅಂದರೆ ಹನ್ನೊಂದು ಟ್ಯೂಬುಗಳೂ ಉಳಿದವು, ನನ್ನ ಓದೂ ಉಳಿಯಿತು. ಸಂತೋಷವಾಗಬೇಕಿತ್ತು. ನನಗೆ ಅವರ ಗಲ್ಲ ಬಿಡಬೇಕೋ ಹಿಡಿದಿರಬೇಕೋ ತಿಳಿಯಲಿಲ್ಲ.

"ಯಾವಾಗರೀ ಇದು?" ಎಂದೆ.

"ಆತು ಮೂರ ವರ್ಷ. ನೀ ಓದಾಕ ಸೇರಿದ ವರ್ಷ." ಗಲ್ಲ ನನ್ನ ಕೈಯಲ್ಲಿದ್ದುದರಿಂದ ಮಾತು ತೊದಲುತ್ತಿತ್ತು. "ಭಾಳ ಬ್ಯಾನಿ ಇತ್ತು. ಹುಬ್ಬಳ್ಳಿ ದುರ್ಗದಬೈಲಿಗೆ ಕುಬಸದ ಖಣಾ ತರಾಕ ಹೊಂಟೇನಿ ಅಂತ ಹೇಳಿ ಹೋಗಿದ್ನಿ. ಅಲ್ಲೇ ಒಬ್ರು ಡಾಕ್ಟರ್ ಇದ್ರು. ನಾಕೈದ ಸಲಾ ಹೋದೆ, ಒಂದೊಂದ ಸಲಾ ಒಂದೊಂದ ಕಡೀ ಹಲ್ಲ ತಗದ್ರು."

"ಒಬ್ಬರ ಹೋದ್ರೇನ್ರಿ? ನನಗ ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಸೊಸಿ ಮಂದಿ ಬಾಯಿ ಓದಾಕ ಹೊಂಟಾಳ, ಮನ್ಯಾಗ ಅತ್ತೀ ಬಾಯಾಗ ಹಲ್ಲಿಲ್ಲ ಅಂದ್ರ ನಿನಗ ನಗೂದಿಲ್ಲೇನು ಊರು?" ಎಂದರು. ಕಣ್ಣು ತೆರೆಯದೇ ಮುಂದುವರಿಸಿದರು: "ಮತ್ತ ನೀ ದಿನಾ ಒಂದ ಪಂಕ್ತ್ಯಾಗ ಕೂತ ಉಣ್ತಿದ್ದಿ. ನೋಡಿದ್ರ ಕೇಳ್ತಾಳ ಅಂತ ಮಾಡಿದ್ನಿ."

ಮೂರು ವರ್ಷ ಆ ಪಂಕ್ತಿಯಲ್ಲಿ ನಾನು ಟ್ಯೂಬುಗಳ ಮಾತು ಆಡಿದ್ದೆ, ಹುಬ್ಬಳ್ಳಿಯ ಅಪರಿಚಿತರ ಒಸಡುಗಳ ಮಾತು ಆಡಿದ್ದೆ. ಅವರು ರೊಟ್ಟಿ ಹೇಗೆ ತಿನ್ನುತ್ತಿದ್ದರು, ತಿನ್ನುತ್ತಿದ್ದರೋ ಇಲ್ಲವೋ, ಎಷ್ಟು ನೆನೆಸಿದರೂ ನೆನಪಿಗೆ ಬರಲಿಲ್ಲ.

"ನೋಡಿದ್ಯಲ್ಲ, ಸಾಕ ಬಿಡು," ಎಂದರು ಅತ್ತೆ. "ಕೈ ತೊಳಕೋ ಹೋಗು."

ನಾನು ಬಿಡಲಿಲ್ಲ. ಉಳಿದ ಹಲ್ಲು ಎಷ್ಟು ಎಂದು ಎಣಿಸತೊಡಗಿದೆ. ಕಣ್ಣು ಮಂಜಾಗಿ ಎರಡು ಸಲ ಲೆಕ್ಕ ತಪ್ಪಿತು. ಅತ್ತೆ ಬಾಯಿ ತೆರೆದುಕೊಂಡೇ ಕಾದರು, ನಾನು ಮತ್ತೆ ಮೊದಲಿನಿಂದ ಎಣಿಸಿದೆ.